ಅಕ್ರಿಲಿಕ್ ಪೆನ್ನು: ಟ್ಯೂಬ್‌ಲೈಟ್‌ನಲ್ಲಿ ಕನ್ನಡಿ, ಬಿಸಿಲಲ್ಲಿ ಬರೀ ಉಂಗುರ. ಎಲ್ಲಿ ತಪ್ಪುತ್ತಿದೆ?

ಹೊಸಲೇತಿಗ (ಮೈಸೂರು) · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಕಳೆದ ದಸರಾ ಹೊತ್ತಿಗೆ ಒಂದು ಮಿನಿ ಲೇತ್ ತಗೊಂಡೆ. ಇಲ್ಲಿವರೆಗೆ ಹದಿನಾಲ್ಕು ಮರದ ಪೆನ್ನು ಮಾಡಿದ್ದೇನೆ. ತೇಗ, ಬೀಟೆ, ಹಲಸು, ನಮ್ಮ ಅತ್ತೆ ಮನೆಯ ಮುರಿದ ತೊಟ್ಟಿಲ ಕಾಲು. ಅದರಲ್ಲಿ ಹನ್ನೊಂದು ಬರೆಯುತ್ತವೆ, ಮೂರು ಶೋಕೇಸಿನಲ್ಲಿವೆ.

ಈಗ ಮೊದಲ ಸಲ ಅಕ್ರಿಲಿಕ್‌ಗೆ ಕೈ ಹಾಕಿದೆ. ತುಂಡಿನ ಒಳಗೆ ಅಂಟಿಸೋಕೆ 7 ಮಿಮೀ ಹಿತ್ತಾಳೆ ಟ್ಯೂಬ್ ಬರುವ ಮಾಮೂಲಿ ಸ್ಲಿಮ್‌ಲೈನ್ ಕಿಟ್. ಬಾಲ್ ಪೆನ್ನು. ನೀಲಿ ಬಿಳಿ ಮೋಡದ ಹಾಗಿರುವ ತುಂಡು. ಲೇತ್ ಮೇಲೆ ತಿರುಗಿಸಿ, 240ರಿಂದ ಶುರು ಮಾಡಿ 400, 600, 1000, 2000 ವಾಟರ್ ಪೇಪರ್ ಹಾಕಿದೆ (ನಂಬರ್ ಹೆಚ್ಚಾದಷ್ಟೂ ಪೇಪರ್ ನುಣುಪು). ಆಮೇಲೆ ಮೈಕ್ರೋ ಮೆಶ್‌ನ ಒಂಬತ್ತು ಉಜ್ಜುವ ಪ್ಯಾಡ್, 1500ರಿಂದ 12000ದವರೆಗೆ. ಕೊನೆಗೆ ಕಾರ್ ಪಾಲಿಶ್.

ರಾತ್ರಿ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಅದರಲ್ಲಿ ನನ್ನ ಮೂಗು ಕಾಣಿಸುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಬೆಳಿಗ್ಗೆ ಅಂಗಳದ ಬಿಸಿಲಿಗೆ ಹಿಡಿದರೆ ಪೆನ್ನಿನ ಸುತ್ತ ಹಳೇ ಗ್ರಾಮಾಫೋನ್ ತಟ್ಟೆಯಲ್ಲಿ ಇರುವಂಥ ಗೆರೆಗಳು! ಒಂದಲ್ಲ ಎರಡಲ್ಲ, ಉದ್ದಕ್ಕೂ. ಒಂದು ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಮೂರು ನಾಲ್ಕು ತೂತು ಬೇರೆ.

ಮಾವನವರು ಮುಂದಿನ ತಿಂಗಳು 31ಕ್ಕೆ ನಿವೃತ್ತಿ. ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ಅವರಿಗೆ ಕೊಡಬೇಕು ಅಂತ ಮಾಡಿದ್ದು. ಪಾಲಿಶ್ ಬದಲಾಯಿಸಬೇಕಾ? ಒಳ್ಳೆ ಪಾಲಿಶ್ ಯಾವುದಿದೆ ಹೇಳಿ.

ಪೀಣ್ಯ ಟರ್ನರ್ (ಬೆಂಗಳೂರು)

ಪಾಲಿಶ್ ಡಬ್ಬಿ ಪಕ್ಕಕ್ಕಿಡಿ. ಅದರ ತಪ್ಪಲ್ಲ ಇದು.

ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ.
ಒಂದೊಂದು ಪೇಪರ್ ಆದ ಮೇಲೆ ಲೇತ್ ನಿಲ್ಲಿಸಿ, ಉದ್ದುದ್ದಕ್ಕೆ ಉಜ್ಜಿದಿರಾ, ಇಲ್ಲ ಪೂರ್ತಿ ತಿರುಗುವಾಗಲೇ ಹಿಡಿದಿರಾ?
ನೀರು ಹಾಕಿದಿರಾ, ಒಣಗಿದ್ದೇ?
ಉಜ್ಜುವಾಗ ಸ್ಪೀಡ್ ಎಷ್ಟಿತ್ತು?
240ಕ್ಕೆ ಹೋಗಬೇಕಾದಂಥ ಏನು ಗತಿ ಬಂತು? ಉಳಿ ಬಿಟ್ಟಾಗ ಮೇಲ್ಮೈ ಹೇಗಿತ್ತು?

ಗ್ಯಾರೇಜ್ ಗೌಡ (ಒಹಾಯೋ)

ನನ್ನದೂ ಒಂದು ಸೇರಿಸಿ. 2000 ವಾಟರ್ ಪೇಪರ್ ಆದ ಮೇಲೆ ಮೈಕ್ರೋ ಮೆಶ್ 1500 ಹಾಕಿದೆ ಅಂದಿರಲ್ಲ. ಯಾಕೆ?

ಹೊಸಲೇತಿಗ

@ಪೀಣ್ಯ ಟರ್ನರ್ ಸರ್, ಪೂರ್ತಿ ತಿರುಗುವಾಗಲೇ. ಒಣಗಿದ್ದೇ. ಸ್ಪೀಡ್ ನಿಮಿಷಕ್ಕೆ 3,000 ಸುತ್ತಿನ ಹತ್ತಿರ. ಜಾಸ್ತಿ ತಿರುಗಿದರೆ ಬೇಗ ನುಣುಪಾಗುತ್ತೆ ಅಂದುಕೊಂಡೆ. ಉಳಿ ಬಿಟ್ಟಾಗ ಮೇಲ್ಮೈ ಮಂಜು ಹಿಡಿದ ಗಾಜಿನ ಹಾಗಿತ್ತು, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಅದಕ್ಕೇ 240.

@ಗ್ಯಾರೇಜ್ ಗೌಡ ಅಣ್ಣ, ಪ್ಯಾಡ್ 1500ರಿಂದಲೇ ಶುರುವಾಗೋದು ಅಲ್ವಾ? ಒಂಬತ್ತೂ ಮುಗಿಸಬೇಕು ಅಂತ ಮುಗಿಸಿದೆ.

ಗ್ಯಾರೇಜ್ ಗೌಡ

ಸಿಕ್ಕಿತು ನೋಡಿ ಅರ್ಧ ಕಳ್ಳ.

ಮೈಕ್ರೋ ಮೆಶ್ ಮೇಲಿರುವ ನಂಬರೇ ಬೇರೆ, ವಾಟರ್ ಪೇಪರ್ ಮೇಲಿರುವ ನಂಬರೇ ಬೇರೆ. ಎರಡೂ ಬೇರೆ ಬೇರೆ ತಕ್ಕಡಿ. ಮೆಶ್ 1500ರಲ್ಲಿ ಇರುವ ಕಣ ಸುಮಾರು 30 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಪಿ2000 ವಾಟರ್ ಪೇಪರ್‌ನ ಕಣ ಸುಮಾರು 10 ಮೈಕ್ರಾನ್. ಅಂದರೆ ನೀವು 10ರವರೆಗೆ ಇಳಿದು ಬಂದು, ಮತ್ತೆ 30ಕ್ಕೆ ಹತ್ತಿದಿರಿ. ಮೆಟ್ಟಿಲು ತೊಳೆದು ಕೆಳಗೆ ಬಂದವರು ಕೆಸರು ಕಾಲಲ್ಲಿ ಮತ್ತೆ ಮೇಲೆ ಹೋದ ಹಾಗೆ.

ಮೆಶ್‌ಗೆ ಹಿಂದೆ ಮೆತ್ತನೆ ಪದರ ಇದೆ, ಕಣ ಒಳಕ್ಕೆ ತಗ್ಗುತ್ತೆ. ಹಾಗಾಗಿ ಗೀರು ಅಷ್ಟು ಆಳ ಬೀಳೋದಿಲ್ಲ, ನಿಜ. ಆದರೂ 2000ರ ಕೆಲಸ ಹಾಳಾಯಿತು. ನಾನು 400 ವಾಟರ್ ಪೇಪರ್, ಹೆಚ್ಚೆಂದರೆ 600, ಅಲ್ಲಿಂದ ನೇರ ಮೆಶ್. 12000 ಪ್ಯಾಡ್ ಅಂದರೆ 2 ಮೈಕ್ರಾನ್. ವಿಮಾನದ ಅಕ್ರಿಲಿಕ್ ಕಿಟಕಿಯ ಗೀರು ತೆಗೆಯೋಕೂ ಇದನ್ನೇ ಬಳಸುತ್ತಾರೆ, ಪೆನ್ನಿಗೆ ಸಾಕಾಗದೆ ಇರುತ್ತಾ?

ನಾನೂ ಎರಡು ವರ್ಷ ಇದೇ ತಪ್ಪು ಮಾಡಿದವನು. ಯಾರೂ ಹೇಳಿರಲಿಲ್ಲ.

ಪೀಣ್ಯ ಟರ್ನರ್

ಉಳಿದರ್ಧ ಕಳ್ಳ ಲೇತ್ ಮೇಲೇ ಇದ್ದಾನೆ.

ತಿರುಗುವ ವಸ್ತುವಿಗೆ ಪೇಪರ್ ಹಿಡಿದರೆ ಗೀರು ಸುತ್ತಲೂ ಬೀಳುತ್ತೆ. ಮುಂದಿನ ಪೇಪರನ್ನೂ ತಿರುಗುವಾಗಲೇ ಹಿಡಿದರೆ ಅದರ ಗೀರೂ ಅದೇ ದಿಕ್ಕು. ಹಳೇ ಗೀರು ಹೋಯಿತೋ ಇದೆಯೋ ಕಣ್ಣಿಗೆ ಗೊತ್ತೇ ಆಗೋದಿಲ್ಲ, ಹೊಸದು ಅದರ ಮೇಲೇ ಮಲಗಿರುತ್ತೆ. ಅದಕ್ಕೇ ಪ್ರತಿ ಪೇಪರ್ ಆದ ಮೇಲೆ ಮೋಟರ್ ಆಫ್ ಮಾಡಿ. ಅದೇ ಪೇಪರಿನಲ್ಲಿ ಪೆನ್ನಿನ ಉದ್ದಕ್ಕೆ, ತುದಿಯಿಂದ ತುದಿಗೆ, ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಉಜ್ಜಿ. ಉಂಗುರ ಎಲ್ಲಾ ಹೋಗಿ ಬರೀ ಉದ್ದ ಗೀರು ಉಳಿಯಬೇಕು. ಒಂದು ಉಂಗುರ ಕಂಡರೂ ಮುಂದಿನ ಪೇಪರ್ ಮುಟ್ಟಬೇಡಿ. ಇದನ್ನು ಟ್ಯೂಬ್‌ಲೈಟಲ್ಲಿ ನೋಡಬೇಡಿ. ಒಂದೇ ಬಲ್ಬಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಉದ್ದ ಟ್ಯೂಬ್‌ಲೈಟ್ ಎಲ್ಲಾ ಕಡೆಯಿಂದ ಬೆಳಕು ಚೆಲ್ಲಿ ಗೀರನ್ನು ಮುಚ್ಚಿಹಾಕುತ್ತೆ. ಬಿಸಿಲು ಸುಳ್ಳು ಹೇಳೋದಿಲ್ಲ.

ಇನ್ನು ನೀರು. ಅಕ್ರಿಲಿಕ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತೆ. ಶಾಖ ಹರಡೋಕೆ ಅದಕ್ಕೆ ಬರೋದಿಲ್ಲ, ಉಕ್ಕಿನ ಹಾಗಲ್ಲ. 3,000 ಸ್ಪೀಡಿನಲ್ಲಿ ಒಣ ಪೇಪರ್ ಒತ್ತಿ ಹಿಡಿದರೆ ಮೇಲಿನ ಪದರ ಮೆತ್ತಗಾಗಿ ಬಳಿದುಕೊಳ್ಳುತ್ತೆ. ಗೀರು ತುಂಬಿದ ಹಾಗೆ ಕಾಣುತ್ತೆ, ಹೋಗಿರೋದಿಲ್ಲ. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ. ಪ್ಯಾಡ್ ಅದರಲ್ಲಿ ಅದ್ದಿ. ಸ್ಪೀಡ್ 600, 700 ಸಾಕು. ಪ್ರತಿ ಸಲ ಬಿಳಿ ಕೆಸರನ್ನು ಟಿಶ್ಯೂನಲ್ಲಿ ಒರೆಸಿ, ಇಲ್ಲವಾದರೆ ಹಿಂದಿನ ದಪ್ಪ ಕಣ ಮುಂದಿನ ಪ್ಯಾಡಿಗೆ ಹತ್ತಿಕೊಂಡು ಬರುತ್ತೆ. ಲೇತ್ ಬೆಡ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸೋದು ಮರೆಯಬೇಡಿ. ಪೆನ್ನು ಹೊಳೆದು ಬೆಡ್ ತುಕ್ಕು ಹಿಡಿದರೆ ಏನು ಬಂತು?

ಇಷ್ಟೆಲ್ಲಾ ಹೇಳಿದ್ದು ರಿಪೇರಿ. ನಿಜವಾದ ಹೊಳಪು ಉಳಿಯಿಂದ ಬರಬೇಕು. 240 ಹಾಕಿದಿರಿ ಅಂದರೆ ಉಳಿ ಕತ್ತರಿಸಲಿಲ್ಲ, ಕಿತ್ತಿತು. ಅಕ್ರಿಲಿಕ್‌ಗೆ ರೇಕ್, ಅಂದರೆ ಉಳಿಯ ಮೇಲ್ಮುಖದ ಓರೆ, ಸೊನ್ನೆ ಇರಬೇಕು, ಇಲ್ಲ ಸ್ವಲ್ಪ ನೆಗೆಟಿವ್. ಪಾಸಿಟಿವ್ ಇದ್ದರೆ ಉಳಿ ತಾನಾಗಿ ಒಳಗೆ ಎಳೆದುಕೊಂಡು ಚಕ್ಕೆ ಎಬ್ಬಿಸುತ್ತೆ. ಸಾಣೆ ಹಿಡಿದ ಮೇಲೆ ಎಣ್ಣೆಕಲ್ಲಿನ ಮೇಲೆ ಅಂಚನ್ನು ತೀಡಿ, ಉಗುರಿನ ಮೇಲೆ ಇಟ್ಟರೆ ಜಾರಬಾರದು, ಕಚ್ಚಬೇಕು. 12 ಮಿಮೀ ದಪ್ಪದ ತುಂಡು 2,000ದಲ್ಲಿ ತಿರುಗಿದರೆ ಅಂಚಿನ ವೇಗ ನಿಮಿಷಕ್ಕೆ 75 ಮೀಟರ್ ಬರುತ್ತೆ. ಸಾಕು ಅದು.

ಕಿವಿಗೂ ಗೊತ್ತಾಗುತ್ತೆ. ಟಕಟಕ ಅಂತ ಪುಡಿ ಹಾರಿದರೆ ತಪ್ಪು. ಸುಯ್ ಅಂತ ಶಾವಿಗೆ ಹಾಗೆ ಉದ್ದ ಎಳೆ ಬರಬೇಕು. ಅದು ಕೈಗೆ, ಗಡ್ಡಕ್ಕೆ, ಅಂಗಿಗೆ ಎಲ್ಲಾ ಅಂಟಿಕೊಳ್ಳುತ್ತೆ, ಕರೆಂಟ್ ಹಿಡಿದ ಹಾಗೆ. ಅಂಟಿಕೊಂಡರೆ ಸಂತೋಷ ಪಡಿ. ತಿರುಗುವ ತುಂಡಿಗೆ ಸುತ್ತಿಕೊಂಡರೆ ಮಾತ್ರ ಮೋಟರ್ ನಿಲ್ಲಿಸಿ ತೆಗೀರಿ, ಬೆರಳು ಹಾಕಬೇಡಿ.

ಬೊಂಬೆಊರಿನವ (ಚನ್ನಪಟ್ಟಣ)

ಓದುತ್ತಾ ನಗು ಬಂತು. ನಮ್ಮ ಮನೆಯಲ್ಲಿ ಮೂರು ತಲೆಮಾರು ಲೇತ್. ನಮಗೆ ಶಾಖ ಬೇಕು, ನಿಮಗೆ ಬೇಡ.

ನಾವು ಆಲೆ ಮರ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಬೊಂಬೆಗೆ ಒತ್ತಿ ಹಿಡಿಯುತ್ತೇವೆ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಬಳಿದುಕೊಳ್ಳುತ್ತೆ. ಆಮೇಲೆ ತಾಳೆ ಗರಿ ಒತ್ತಿ ಹಿಡಿದರೆ ಮೇಲೆ ಕೆಳಗೆ ಇರೋದೆಲ್ಲಾ ಒಂದೇ ಸಮ ಆಗಿ ಮಿಂಚುತ್ತೆ. ಪೇಪರ್ ನಂಬರ್ ಯಾವುದೂ ಇಲ್ಲ. ಒಂದೇ ಗರಿ.

ಅದೇ ಅಭ್ಯಾಸದಲ್ಲಿ ಒಂದು ಸಲ ಯಾರೋ ಕೊಟ್ಟ ಅಕ್ರಿಲಿಕ್ ಕೋಲಿಗೂ ಗರಿ ಒತ್ತಿ ಹಿಡಿದೆ. ಹೊಳಪು ಬಂತು, ಆದರೆ ನಡುವೆ ಸೊಂಟದ ಹಾಗೆ ಒಳಗೆ ಹೋಯಿತು. ಅಪ್ಪ ನೋಡಿ "ಇದೇನು ಇಡ್ಲಿ ಹಿಟ್ಟಾ?" ಅಂದರು. ಪೀಣ್ಯದವರು ಹೇಳಿದ್ದು ಸರಿ, ಅದು ಶಾಖ ಬಿಟ್ಟುಕೊಡೋದೇ ಇಲ್ಲ, ಒಳಗೇ ಇಟ್ಟುಕೊಳ್ಳುತ್ತೆ.

ಆದರೆ ಒಂದು ಮಾತು ಒಪ್ಪೋದಿಲ್ಲ. ಉಳಿ ಚೆನ್ನಾಗಿದ್ದರೆ ಸಾಕು ಅನ್ನೋದು ಇಪ್ಪತ್ತಾರು ವರ್ಷ ಲೇತ್ ಮುಂದೆ ನಿಂತವರ ಮಾತು. ಹೊಸಬರ ಕೈ ಮೊದಲ ನೂರು ತುಂಡಿನವರೆಗೂ ನಡುಗುತ್ತೆ. ಅವರು ಪೇಪರ್ ನಂಬಲಿ ಬಿಡಿ.

ಪೀಣ್ಯ ಟರ್ನರ್

ಇಪ್ಪತ್ತಾರು ಅಂತ ನಾನು ಇಲ್ಲಿ ಹೇಳಲೇ ಇಲ್ಲವಲ್ಲ! ಹಳೇ ಚರ್ಚೆ ಎಲ್ಲಾ ಓದಿದ್ದೀರಿ ಅಂತಾಯಿತು. ಸರಿ, ಒಪ್ಪಿದೆ. ನೂರು ಬೇಡ, ಐವತ್ತು.

ಗಡಿಯಾರದಂಗಡಿ (ತುಮಕೂರು)

ಪಾಲಿಶ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹಳೇ ಎಚ್‌ಎಂಟಿ ಜನತಾ ವಾಚಿನ ಮೇಲಿನ ಗ್ಲಾಸು ಗ್ಲಾಸಲ್ಲ, ಅಕ್ರಿಲಿಕ್ಕೇ. ಅಪ್ಪನ ಕಾಲದಿಂದ ಅದಕ್ಕೆ ಹತ್ತಿ ಬಟ್ಟೆ, ಒಂದು ಚೂರು ಬ್ರಾಸೋ, ಸುತ್ತು ಸುತ್ತಾಗಿ ಎರಡು ನಿಮಿಷ. ತುರ್ತಿಗೆ ಬಿಳಿ ಟೂತ್‌ಪೇಸ್ಟ್. ಜೆಲ್ ಅಲ್ಲ. ಗೀರು ಉಗುರಿಗೆ ಸಿಕ್ಕರೆ ಮೊದಲು ಪೇಪರ್, ಸಿಗದಿದ್ದರೆ ನೇರ ಪಾಲಿಶ್. ಪೆನ್ನಿಗೂ ಅದೇ ಲೆಕ್ಕ ನಡೆಯುತ್ತೆ ಅನ್ನಿಸುತ್ತೆ.

ವಿಷಯ ಬಿಟ್ಟು ಒಂದು ಮಾತು. ಎಚ್‌ಎಂಟಿ 1953ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು ಲೇತ್‌ನಂಥ ಯಂತ್ರ ಮಾಡೋಕೆ. ವಾಚ್ ಬಂದದ್ದು 1961ರಲ್ಲಿ. ನಮ್ಮ ಅಂಗಡಿ ಹಿಂದಿನ ಗ್ಯಾರೇಜಲ್ಲಿ ಎಚ್‌ಎಂಟಿ ಲೇತ್ ಇನ್ನೂ ಓಡುತ್ತಿದೆ, ಮುಂದೆ ಗಾಜಿನ ಡಬ್ಬಿಯಲ್ಲಿ ಎಚ್‌ಎಂಟಿ ವಾಚ್ ಓಡುತ್ತಿದೆ. ನಡುವೆ ನಾನು.

ಮಿನುಗು ಮನೆ (ಸಾಗರ)

ಹೊಸಲೇತಿಗ ಅವರೇ, ತುದಿಯ ತೂತಿನ ಬಗ್ಗೆ ಯಾರೂ ಮುಟ್ಟಲಿಲ್ಲ. ನನಗೂ ಮೊದಮೊದಲು ಅದೇ ಆಗುತ್ತಿತ್ತು. ಟ್ಯೂಬ್ ಅಂಟಿಸಿದ ಮೇಲೆ ತುದಿ ಸಮ ಮಾಡೋಕೆ ಬ್ಯಾರೆಲ್ ಟ್ರಿಮ್ಮರ್ ಹಾಕಿದಿರಿ ಅಲ್ವಾ? ಅದು ಮರಕ್ಕೆ ಸರಿ. ಅಕ್ರಿಲಿಕ್ ತುದಿಯಲ್ಲಿ ಹಲ್ಲು ಕಚ್ಚಿ ಚಕ್ಕೆ ಕೀಳುತ್ತೆ. ನಾನು ಚಪ್ಪಟೆ ಹಲಗೆಗೆ ವಾಟರ್ ಪೇಪರ್ ಅಂಟಿಸಿ, ಲೇತ್ ಚಕ್‌ಗೆ ಹಾಕಿ, ತುಂಡನ್ನು ನೇರವಾಗಿ ಒತ್ತಿ ತುದಿ ಉಜ್ಜುತ್ತೇನೆ. ಹಿತ್ತಾಳೆ ಹೊಳೆಯೋಕೆ ಶುರುವಾದ ತಕ್ಷಣ ನಿಲ್ಲಿಸಬೇಕು, ಟ್ಯೂಬ್ ಗಿಡ್ಡ ಆದರೆ ರೀಫಿಲ್ ಹೊರಗೆ ಇಣುಕುತ್ತೆ.

ತೂತು ಕೊರೆಯುವಾಗ ಇನ್ನೊಂದು ತುದಿಯಲ್ಲಿ ಡ್ರಿಲ್ ಹೊರಬರುವ ಹೊತ್ತಿಗೂ ಚಕ್ಕೆ ಏಳುತ್ತೆ. ತುಂಡನ್ನು ಒಂದು ಸೆಂಟಿಮೀಟರ್ ಜಾಸ್ತಿ ಉದ್ದ ಬಿಟ್ಟುಕೊಳ್ಳಿ. ಪೂರ್ತಿ ಹೊರಗೆ ಕೊರೆಯಬೇಡಿ, ಆ ಒಂದು ಸೆಂಟಿಮೀಟರನ್ನು ಗರಗಸದಲ್ಲಿ ಕತ್ತರಿಸಿ ಬಿಸಾಡಿ. ತೂತು ತಾನಾಗಿ ತೆರೆದುಕೊಳ್ಳುತ್ತೆ.

ಬೆಳಕು ಹಾಯುವ ತುಂಡಾದರೆ ಒಳಗಿನ ಹಿತ್ತಾಳೆಯೂ ಅಂಟಿನ ಗುಳ್ಳೆಯೂ ಕಾಣುತ್ತೆ. ನೀಲಿ ತುಂಡಿಗೆ ಟ್ಯೂಬ್ ಮೇಲೆ ನೀಲಿ ಪೇಂಟ್, ಬಿಳಿಗೆ ಬಿಳಿ. ಒಂದು ದಿನ ಒಣಗಲಿ. ಅಂಟು ಎರಡು ಟ್ಯೂಬಿನ ಅರಾಲ್ಡೈಟ್ ಥರದ್ದು ಹಾಕಿ, ಫೆವಿಕ್ವಿಕ್ ಹಾಕಬೇಡಿ. ಅದು ಕೆಲವು ಪೇಂಟ್ ತಿನ್ನುತ್ತೆ, ಟ್ಯೂಬ್ ಅರ್ಧ ಹೋದ ಮೇಲೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತೆ. ಅಂಟು ಟ್ಯೂಬ್ ಒಳಗೆ ಹೋಗದ ಹಾಗೆ ಮಾಡೋಕೆ ಒಂದು ಉಪಾಯ. ಆಲೂಗಡ್ಡೆಯ ದಪ್ಪ ಹೋಳಿಗೆ ಟ್ಯೂಬ್ ತುದಿ ಚುಚ್ಚಿ ತೆಗೆಯಿರಿ. ಬಿರಡೆ ಹಾಗೆ ಕೂತುಕೊಳ್ಳುತ್ತೆ, ಅಂಟು ಒಣಗಿದ ಮೇಲೆ ಕಡ್ಡಿಯಲ್ಲಿ ತಳ್ಳಿದರೆ ಬೀಳುತ್ತೆ. ಮಿಕ್ಕ ಆಲೂಗಡ್ಡೆ ಪಲ್ಯಕ್ಕೆ.

ಹುಡುಗಿಯರು ಓದುತ್ತಿದ್ದರೆ: ಜಡೆ ಮೇಲೆ ಕಟ್ಟಿ, ದುಪಟ್ಟಾ ಬಿಚ್ಚಿಟ್ಟು ನಿಲ್ಲಿ. ಗ್ಲೌಸ್ ಬೇಡ. ಪಾಲಿಶ್ ಬಟ್ಟೆಯನ್ನೂ ತಿರುಗುವ ತುಂಡಿಗೆ ಹಿಡಿಯಬೇಡಿ, ಎಳೆದುಕೊಂಡರೆ ಬೆರಳೂ ಹೋಗುತ್ತೆ. ಟಿಶ್ಯೂ ಆದರೆ ಹರಿದು ಹೋಗುತ್ತೆ, ಅಷ್ಟೇ. ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್.

ಹೊಸಲೇತಿಗ · ಮುಂದಿನ ಶನಿವಾರ ರಾತ್ರಿ

ಆಯಿತು!! ಹೊಸ ತುಂಡು. ಉಳಿ ಮೂರು ಸಲ ತೀಡಿದೆ. ಶಾವಿಗೆ ಬಂತು ಸರ್, ನಿಜವಾಗಿ ಬಂತು. ಮನೆಯ ಬೆಕ್ಕಿನ ಮೈಗೆಲ್ಲಾ ನೀಲಿ ಶಾವಿಗೆ.

400ರಿಂದ ಶುರು. ನೀರು ಸೋಪು. ಪ್ರತಿ ಸಲ ಮೋಟರ್ ಆಫ್, ಉದ್ದಕ್ಕೆ ಉಜ್ಜೋದು, ಟಾರ್ಚ್. 400ರಲ್ಲೇ ಇಪ್ಪತ್ತು ನಿಮಿಷ ಹೋಯಿತು. ಆಮೇಲೆ ಒಂದೊಂದು ಪ್ಯಾಡಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂರನೇ ಪ್ಯಾಡ್ ಹೊತ್ತಿಗೆ ಮಂಜು ಕರಗೋಕೆ ಶುರುವಾಯಿತು, ಆರನೆಯದಕ್ಕೆ ಕಿಟಕಿಯ ಸರಳು ಕಾಣಿಸಿತು. ಕೊನೆಗೆ ಒಂದು ಸಲ ಪಾಲಿಶ್, ಟಿಶ್ಯೂನಲ್ಲಿ.

ಒಂದು ತೊಂದರೆ ಆಗಿತ್ತು. ನೀರಿನ ಜೊತೆ ತುದಿಗೆ ಹಾಕುವ ಲೋಹದ ಬಳೆಯಾದ ಬುಶಿಂಗ್‌ನ ಕಪ್ಪು ಬಂದು ತುದಿಯ ಬಿಳಿ ಭಾಗಕ್ಕೆ ಹತ್ತಿತು. ಕೊನೆಗೆ ಬುಶಿಂಗ್ ತೆಗೆದು ಲೇತಿನ ಎರಡು ಮೊನೆ (ಸೆಂಟರ್) ನಡುವೆ ಹಿಡಿಸಿ ಪಾಲಿಶ್ ಮಾಡಿದೆ.

ನಾಳೆ ಬಿಸಿಲಿಗೆ ಹಿಡಿದು ಫೋಟೋ ಹಾಕುತ್ತೇನೆ.

ಹೊಸಲೇತಿಗ · ಭಾನುವಾರ

ಫೋಟೋ ಹಾಕಿದ್ದೇನೆ. ಉಂಗುರ ಇಲ್ಲ. ಇಲ್ಲವೇ ಇಲ್ಲ.

ಗ್ಯಾರೇಜ್ ಗೌಡ

ಭಲೇ. ಹಿಂದಿರುವ ತುಳಸಿಕಟ್ಟೆ ಪೆನ್ನಿನಲ್ಲಿ ಕಾಣುತ್ತಿದೆ.

ಹೊಸಲೇತಿಗ · ಮಂಗಳವಾರ

ಅಳು ಬರುತ್ತಿದೆ. ಇವತ್ತು ಡಬ್ಬಿಯಿಂದ ತೆಗೆದು ನೋಡಿದರೆ ಪೆನ್ನಿನ ಮೈ ತುಂಬ ಕೂದಲಿನಂಥ ಬಿರುಕು. ಮೇಲೆ ಬೆರಳಾಡಿಸಿದರೆ ಗೊತ್ತಾಗೋದಿಲ್ಲ, ಒಳಗೇ ಇದ್ದ ಹಾಗಿದೆ. ಒಣಗಿದ ಕೆರೆಯ ತಳದ ಹಾಗೆ. ಬಿದ್ದಿಲ್ಲ, ಯಾರೂ ಮುಟ್ಟಿಲ್ಲ. ತುಂಡೇ ಕೆಟ್ಟದ್ದಾ? ಮಾರಿದವರನ್ನು ಕೇಳಿದರೆ ನಮ್ಮ ತುಂಡು ಹಾಗಾಗೋದೇ ಇಲ್ಲ ಅಂತಾರೆ.

ಪೀಣ್ಯ ಟರ್ನರ್

ಮಾರಿದವರನ್ನು ಬಿಡಿ. ಪಾಲಿಶ್ ಆದ ಮೇಲೆ ಪೆನ್ನನ್ನು ಯಾವುದರಲ್ಲಿ ಒರೆಸಿದಿರಿ?

ಹೊಸಲೇತಿಗ

ಪಾಲಿಶ್ ಜಿಡ್ಡು ಇತ್ತು. ಸ್ಪಿರಿಟ್‌ನಲ್ಲಿ ಒರೆಸಿ ಡಬ್ಬಿಗೆ ಹಾಕಿದೆ. ಮರದ ಪೆನ್ನಿಗೂ ಹಾಗೇ ಮಾಡುತ್ತಿದ್ದೆ, ಏನೂ ಆಗಿರಲಿಲ್ಲ.

ಪೀಣ್ಯ ಟರ್ನರ್

ಅದೇ.

ಆದರೆ ಸ್ಪಿರಿಟ್ ಒಂದೇ ತಪ್ಪಲ್ಲ. ಒಳಗೆ ಬಿಗಿತ ಇಲ್ಲದ ಅಕ್ರಿಲಿಕ್ ಮೇಲೆ ಸ್ಪಿರಿಟ್ ಒಂದು ಸಲ ಬಿದ್ದರೆ ಎಷ್ಟೋ ಸಲ ಏನೂ ಆಗೋದಿಲ್ಲ. ಬಿಗಿತ ಇದ್ದರೆ ಮಾತ್ರ ಹೀಗೆ ಬಿರಿಯುತ್ತೆ. ಆ ಬಿಗಿತ ಎಲ್ಲಿಂದ ಬಂತು ಅಂತ ನೋಡಬೇಕು. ಡ್ರಿಲ್ ಹೇಗೆ ಹಾಕಿದಿರಿ? ವಾಸನೆ ಬಂತಾ?

ಹೊಸಲೇತಿಗ

ಒಂದೇ ಉಸಿರಿಗೆ ಕೊರೆದೆ. ಸ್ಪೀಡ್ 2,000. ಸಿಹಿ ಸಿಹಿ ವಾಸನೆ ಬಂತು, ಹಣ್ಣಿನ ಹಾಗೆ. ಬಿಟ್‌ಗೆ ಬೆಳ್ಳಗೆ ಅಂಟು ಹತ್ತಿತ್ತು, ಸ್ಕ್ರೂಡ್ರೈವರಲ್ಲಿ ಕೆರೆದು ತೆಗೆದೆ.

ಪೀಣ್ಯ ಟರ್ನರ್

ಆ ವಾಸನೆ ಬಂದರೆ ಅಕ್ರಿಲಿಕ್ ಬೇಯುತ್ತಿದೆ ಅಂತ ಅರ್ಥ. ತೂತಿನ ಗೋಡೆ ಕಾದು ಮೆತ್ತಗಾಯಿತು, ಹೊರಮೈ ತಣ್ಣಗಿತ್ತು. ಒಳಗಿನದು ಆರಿ ಕುಗ್ಗುವಾಗ ಹೊರಗಿನದು ಬಿಡಲಿಲ್ಲ. ಆ ಎಳೆದಾಟ ಒಳಗೇ ಉಳಿಯಿತು. ಕಣ್ಣಿಗೆ ಕಾಣೋದಿಲ್ಲ. ಸ್ಪಿರಿಟ್ ತಗುಲಿತು, ಬಾಯಿ ಬಿಟ್ಟಿತು. ಥಿನ್ನರ್, ಅಸಿಟೋನ್ ಇನ್ನೂ ಕೆಟ್ಟದ್ದು. ಹ್ಯಾಂಡ್ ಸ್ಯಾನಿಟೈಸರ್ ಕೂಡ ಸ್ಪಿರಿಟ್ಟೇ, ಕೊರೋನಾ ಟೈಮಲ್ಲಿ ಸ್ಯಾನಿಟೈಸರ್ ಹಾಕಿ ಒರೆಸಿ ಒರೆಸಿ ಕೌಂಟರಿನ ಅಕ್ರಿಲಿಕ್ ತಡೆಗಳು ಬಿರುಕು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ. ಸೋಪು ನೀರು, ಮೆತ್ತನೆ ಬಟ್ಟೆ, ಅಷ್ಟೇ ಸಾಕು.

ಡ್ರಿಲ್ ಹೀಗೆ ಹಾಕಿ. ಸ್ಪೀಡ್ 500. ಐದಾರು ಮಿಲಿಮೀಟರ್ ಒಳಗೆ, ಹೊರಗೆ ತೆಗೆದು ಸೋಪು ನೀರು ಚಿಮುಕಿಸಿ, ಎಳೆ ಒರೆಸಿ, ಮತ್ತೆ ಒಳಗೆ. 7 ಮಿಮೀ ತೂತಿಗೆ ಮೊದಲು 5, ಆಮೇಲೆ 7 ಹಾಕಿದರೂ ಒಳ್ಳೆಯದು. ಎರಡನೇ ಡ್ರಿಲ್ ಕಚ್ಚಿ ಒಳಗೆ ಎಳೆದುಕೊಂಡರೆ ಅದರ ಕತ್ತರಿಸುವ ಅಂಚಿಗೆ ಎಣ್ಣೆಕಲ್ಲಿನಲ್ಲಿ ಎರಡು ಎಳೆ ಎಳೆದು ಸಣ್ಣ ಚಪ್ಪಟೆ ಮಾಡಿ, ಹಿತ್ತಾಳೆಗೆ ಮಾಡುತ್ತೇವಲ್ಲ ಹಾಗೆ. ಎಳೆ ಸುರುಳಿಯಾಗಿ ಬಂದರೆ ಸರಿ, ಉಂಡೆಯಾಗಿ ಬಂದರೆ ನಿಲ್ಲಿಸಿ. ನಡುವೆ ಡ್ರಿಲ್ ಒಳಗಿರುವಾಗಲೇ ಮೋಟರ್ ಆಫ್ ಮಾಡಬೇಡಿ. ಕರಗಿದ್ದು ಗಟ್ಟಿಯಾಗಿ ಬಿಟ್ಟನ್ನು ಹಿಡಿದುಕೊಂಡರೆ ತುಂಡನ್ನೇ ಒಡೆಯಬೇಕಾಗುತ್ತೆ.

ಗ್ಯಾರೇಜ್ ಗೌಡ

ಕೊರೆದ ಮೇಲೆ ಟ್ಯೂಬ್ ಅಂಟಿಸುವ ಮೊದಲು ಬಿಗಿತ ಬಿಡಿಸೋಕೂ ಆಗುತ್ತೆ. ನಾನು ಓವನ್‌ನಲ್ಲಿ 80 ಡಿಗ್ರಿಗೆ ಮೂರು ನಾಲ್ಕು ಗಂಟೆ ಇಟ್ಟು, ಸ್ವಿಚ್ ಆಫ್ ಮಾಡಿ, ಬಾಗಿಲು ತೆಗೆಯದೆ ಅಲ್ಲೇ ತಣ್ಣಗಾಗೋಕೆ ಬಿಡುತ್ತೇನೆ. ಅವಸರ ಮಾಡಿ ಹೊರಗೆ ತೆಗೆದರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಓವನ್ ಡಯಲ್ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. 100 ದಾಟಿದರೆ ಪೆನ್ನಿನ ಬದಲು ಬಾಳೆಹಣ್ಣಿನ ಆಕಾರ ಸಿಗುತ್ತೆ.

ಇನ್ನೊಂದು. ಅಕ್ರಿಲಿಕ್ ಅಂತ ಮಾರುವ ತುಂಡೆಲ್ಲಾ ಅಕ್ರಿಲಿಕ್ ಅಲ್ಲ. ಬಹಳಷ್ಟು ಪಾಲಿಯೆಸ್ಟರ್ ರೆಸಿನ್. ಅದು ಕಡಿಯುವಾಗ ಪುಡಿಯಾಗಿ ಹಾರುತ್ತೆ, ಬೇಗ ಚಕ್ಕೆ ಏಳುತ್ತೆ. ನಿಮ್ಮದು ಶಾವಿಗೆ ಬಂದಿದೆ, ಹಣ್ಣಿನ ವಾಸನೆ ಬಂದಿದೆ ಅಂದರೆ ಅಕ್ರಿಲಿಕ್ಕೇ ಇರಬೇಕು. ಬೋರ್ಡ್ ಅಂಗಡಿಯ ತುಂಡು ತಂದರೆ ಕಾಸ್ಟ್ ಹಾಳೆ, ಅಂದರೆ ಅಚ್ಚಿಗೆ ಹೊಯ್ದದ್ದು, ಕೇಳಿ. ಎಕ್ಸ್‌ಟ್ರೂಡೆಡ್ ಅಂದರೆ ಯಂತ್ರದಲ್ಲಿ ಒತ್ತಿ ತೆಗೆದದ್ದು, ಅದು ಬೇಗ ಕರಗಿ ಉಳಿಗೆ ಮೆತ್ತಿಕೊಳ್ಳುತ್ತೆ.

ಶಾಯಿಬುರುಡೆ (ಧಾರವಾಡ)

ನಾನು ಪೆನ್ನು ಮಾಡೋನಲ್ಲ, ಕೂಡಿಡೋನು. ಸುಮ್ನೆ ಓದುತ್ತಿದ್ದೆ, ತಡೆಯೋಕಾಗಲಿಲ್ಲ.

ಸರ್, ಮೇಷ್ಟ್ರಿಗೆ ಬಾಲ್ ಪೆನ್ನು ಯಾಕ್ರೀ? ಅಕ್ರಿಲಿಕ್ ಪೆನ್ನಿನ ದೊಡ್ಡ ಕತೆಯೇ ಶಾಯಿ ಪೆನ್ನಿನದು. ಪಾರ್ಕರ್ 51 ಬಂದದ್ದು 1941ರಲ್ಲಿ. ಅದಕ್ಕೆ ಅಂತ ಮಾಡಿದ ಬೇಗ ಒಣಗುವ ಶಾಯಿ ಆಗಿನ ಸೆಲ್ಯುಲಾಯ್ಡ್ ಪೆನ್ನುಗಳನ್ನು ತಿಂದು ಹಾಕುತ್ತಿತ್ತು. ಅದಕ್ಕೇ ಅವರು ಲೂಸೈಟ್ ಅಂತ ಕರೆಯುವ ಅಕ್ರಿಲಿಕ್‌ಗೆ ಹೋದರು. ನನ್ನ ಹತ್ತಿರ ಒಂದು ಇದೆ, ಅಜ್ಜನದು. ಇವತ್ತಿಗೂ ಕರ್ಚೀಫಿನಲ್ಲಿ ಒರೆಸಿದರೆ ನಿನ್ನೆ ಅಂಗಡಿಯಿಂದ ತಂದ ಹಾಗೆ ಮಿಂಚುತ್ತೆ.

ನಮ್ಮ ಪಕ್ಕದಲ್ಲೇ ರಾಜಮಂಡ್ರಿಯಲ್ಲಿ 1930ರ ದಶಕದಿಂದ ಲೇತ್ ಮೇಲೆ ಎಬೋನೈಟ್ (ಗಟ್ಟಿ ರಬ್ಬರ್) ಶಾಯಿ ಪೆನ್ನು ಕಡೆಯುತ್ತಿದ್ದಾರೆ. ಗಾಂಧೀಜಿ ಸ್ವದೇಶಿ ಪೆನ್ನು ಬೇಕು ಅಂದ ಕಾಲದ್ದು. ಈಗ ಅದೇ ಥರದವರು ಅಕ್ರಿಲಿಕ್ ಕೋಲಿನಲ್ಲೂ ಮಾಡಿಕೊಡುತ್ತಾರೆ. ಒಳಗೆ ಹಿತ್ತಾಳೆ ಟ್ಯೂಬೇ ಇಲ್ಲ. ಬೆಳಕಿಗೆ ಹಿಡಿದರೆ ಒಳಗಿನ ಶಾಯಿ ಅಲುಗಾಡೋದು ಕಾಣುತ್ತೆ.

ಪೀಣ್ಯ ಟರ್ನರ್

ಅಲ್ಲೇ ಇರೋದು ಕಷ್ಟ. ಹೊರಗಿನ ಹೊಳಪು ಒಂದಾದರೆ, ತೂತಿನ ಒಳಗೂ ಹೊಳಪು ಬರಬೇಕು. ಡ್ರಿಲ್ ಬಿಟ್ಟ ಗೆರೆ ಪೂರ್ತಿ ಹೊರಗೆ ಕಾಣುತ್ತೆ. ತೂತಿನ ಗೋಡೆ ಸಮ ಮಾಡುವ ರೀಮರ್ ಹಾಕಿ, ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ ಪಾಲಿಶ್ ಮಾಡಬೇಕು. ತಾಳ್ಮೆ ಇದ್ದವರಿಗೆ.

ಹೊಸಲೇತಿಗ · ಎರಡು ವಾರದ ನಂತರ

ಎಲ್ಲರಿಗೂ ಲೆಕ್ಕ ಒಪ್ಪಿಸುತ್ತೇನೆ.

ಮೂರನೇ ತುಂಡು. ಡ್ರಿಲ್ 500ರಲ್ಲಿ, ಐದೈದು ಮಿಲಿಮೀಟರ್. ವಾಸನೆ ಬರಲಿಲ್ಲ. ಓವನ್‌ನಲ್ಲಿ 80ಕ್ಕೆ ನಾಲ್ಕು ಗಂಟೆ, ರಾತ್ರಿಯಿಡೀ ಒಳಗೇ. ಬೆಳಿಗ್ಗೆ ಹೆಂಡತಿ ಕೇಕ್ ಮಾಡೋಕೆ ತೆಗೆದು "ಇದೇನು ಬೇಯಿಸಿದಿರಿ?" ಅಂದಳು. ಟ್ಯೂಬಿಗೆ ನೀಲಿ ಪೇಂಟ್, ಆಲೂಗಡ್ಡೆ ಬಿರಡೆ, ಅರಾಲ್ಡೈಟ್. ತುದಿ ಹಲಗೆಯಲ್ಲಿ ಉಜ್ಜಿದೆ, ಒಂದೂ ತೂತಿಲ್ಲ. 400, 600, ಮೆಶ್. ಟಾರ್ಚ್. ಸೋಪು ನೀರಲ್ಲಿ ತೊಳೆದು ಒರೆಸಿದೆ. ಹತ್ತು ದಿನ ಆಯಿತು, ದಿನಾ ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡುತ್ತೇನೆ. ಬಿರುಕು ಇಲ್ಲ.

ಬಿರುಕು ಬಿಟ್ಟ ಪೆನ್ನನ್ನು ಬಿಸಾಡಲಿಲ್ಲ. ಮಗಳು ತಗೊಂಡಳು. ಒಳಗೆ ಮಿಂಚು ಹೊಡೆದ ಹಾಗಿದೆ ಅಂತ ಶಾಲೆಗೆ ಒಯ್ದಿದ್ದಾಳೆ. ಅಲ್ಲಿ ಇನ್ನಿಬ್ಬರಿಗೆ ಅದೇ ಥರ ಬೇಕಂತೆ.

ಬೊಂಬೆಊರಿನವ

ಅವರಿಗೆ ಸ್ಪಿರಿಟ್ ಹಾಕಿ ಮಾಡಿಕೊಡಿ, ಮತ್ತೇನು.

ಹೊಸಲೇತಿಗ · ಮುಂದಿನ ತಿಂಗಳು, 31ರ ರಾತ್ರಿ

ಕೊಟ್ಟೆ. ಮಾವ ಡಬ್ಬಿ ತೆಗೆದರು. ಕನ್ನಡಕ ಹಾಕಿಕೊಂಡು ಒಂದು ಸಲ ತಿರುಗಿಸಿ ನೋಡಿದರು. ಹೊಳಪಿನ ಬಗ್ಗೆ ಒಂದು ಮಾತಿಲ್ಲ. ಕ್ಯಾಲೆಂಡರ್ ಹಿಂದೆ ತಮ್ಮ ಹೆಸರು ಬರೆದರು. ಎರಡನೇ ಸಲ ನಿಧಾನವಾಗಿ ಬರೆದರು. ಆಮೇಲೆ ಕೇಳಿದರು: "ನಿಬ್ ಇಲ್ವೇನಪ್ಪ ಇದಕ್ಕೆ?"

@ಶಾಯಿಬುರುಡೆ ಸರ್ ನಗಬೇಡಿ.

ಟ್ಯೂಬ್ ಇಲ್ಲದ ಶಾಯಿ ಪೆನ್ನು ಮಾಡಬೇಕು ಅಂದರೆ ಏನೇನು ಬೇಕು? ಜರ್ಮನಿಯ ಜೋವೋ ಕಂಪನಿಯ 6ನೇ ನಂಬರ್ ನಿಬ್‌ಗೆ ಎಂ7.4, 0.5 ಪಿಚ್ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಬೇಕಂತೆ. ಇಲ್ಲಿ ಮೂರು ಅಂಗಡಿ ತಿರುಗಿದೆ, ಎಂ7 ಇದೆ, ಎಂ8 ಇದೆ, 7.4 ಅಂದರೆ ಮುಖ ನೋಡುತ್ತಾರೆ.

ಪೀಣ್ಯ ಟರ್ನರ್

ಅದು ಮಾಮೂಲಿ ಸೈಜಲ್ಲ, ಅಂಗಡಿಯಲ್ಲಿ ಸಿಗೋದಿಲ್ಲ. ನನ್ನ ಹತ್ತಿರ ಒಂದು ಇದೆ, ಯಾವುದೋ ಕೆಲಸಕ್ಕೆ ಮಾಡಿಸಿದ್ದು. ಭಾನುವಾರ ಬನ್ನಿ, ಕೋಲು ತನ್ನಿ, ಇಲ್ಲೇ ಥ್ರೆಡ್ ಹಾಕೋಣ. ಸ್ಪಿರಿಟ್ ಬಾಟಲಿ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.